ಮ್ಯಾಕ್‌ನಲ್ಲಿ, ಲಿನಕ್ಸ್‌ನಲ್ಲಿ ಡಾಸ್ ಆಟ: ಯಾವ ಆಟಕ್ಕೆ ಯಾವ ಸಾಫ್ಟ್‌ವೇರ್?

ಹಾಸನ, ಅರಸೀಕೆರೆ, ಚಿಕ್ಕಮಗಳೂರು ಕಡೆ 90ರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಲ್ಲಿ ಹೆಚ್ಚಿನವರಿಗೆ ಎರಡು ಆಟ ಗೊತ್ತು. ಒಂದು ಪ್ರಿನ್ಸ್, ಇನ್ನೊಂದು ಡೇವ್. ವರ್ಡ್‌ಸ್ಟಾರ್, ಫಾಕ್ಸ್‌ಪ್ರೋ ಪಾಠದ ನಡುವೆ ಮೇಷ್ಟ್ರು ಆಚೆ ಹೋದ ಹೊತ್ತಿನಲ್ಲಿ, ವಿಂಡೋಸ್‌ಗಿಂತ ಮೊದಲಿನ ಡಾಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಆಡಿದ ಆಟಗಳು ಇವು. ಆಗಿನ ಹುಡುಗ ಹುಡುಗಿಯರ ಕೈಯಲ್ಲಿ ಈಗ ಮ್ಯಾಕ್‌ಬುಕ್ ಇದೆ, ಇಲ್ಲವೇ ವಿಂಡೋಸ್ ತಡೆಯಲಾರದ ಹಳೆಯ ಲ್ಯಾಪ್‌ಟಾಪಿಗೆ ಹಾಕಿದ ಲಿನಕ್ಸ್ ಮಿಂಟ್ ಇದೆ. ಮಕ್ಕಳಿಗೆ ಆ ಆಟ ತೋರಿಸಬೇಕು ಅಂತ ಆಸೆ. ಹುಡುಕಿದರೆ ಡಾಸ್‌ಬಾಕ್ಸ್, ಡಾಸ್‌ಬಾಕ್ಸ್ ಸ್ಟೇಜಿಂಗ್, ಡಾಸ್‌ಬಾಕ್ಸ್ ಎಕ್ಸ್, ಡಾಸ್‌ಬಾಕ್ಸ್ ಪ್ಯೂರ್, ಬಾಕ್ಸರ್, ಸ್ಕಮ್‌ವಿಎಂ, ಡಾಸ್‌ಎಮ್ಯು 2, 86ಬಾಕ್ಸ್ ಅಂತ ಹೆಸರುಗಳ ಸಾಲೇ ಎದುರಾಗುತ್ತದೆ.

ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಆಟ ಆಡಬೇಕು ಅಂತ ಮೊದಲು ತೀರ್ಮಾನ ಮಾಡಿ. ಆಮೇಲೆ ಆಯ್ಕೆ ತುಂಬಾ ಸುಲಭ.

ಆಟವನ್ನು ನೇರವಾಗಿ ಓಡಿಸಲು ಯಾಕೆ ಆಗುವುದಿಲ್ಲ ಅನ್ನುವುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಡಾಸ್ ಆಟಗಳು ಚಿತ್ರ ತೋರಿಸುವ ವಿಜಿಎ ಕಾರ್ಡಿನ ಮೆಮೊರಿಗೆ, ಸದ್ದು ಹೊರಡಿಸುವ ಸೌಂಡ್ ಬ್ಲಾಸ್ಟರ್ ಕಾರ್ಡಿನ ಪೋರ್ಟಿಗೆ ತಾವೇ ಕೈಹಾಕಿ ಬರೆಯುತ್ತಿದ್ದವು. ಇವತ್ತಿನ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಅದಕ್ಕೆ ಬಿಡುವುದಿಲ್ಲ. ಜೊತೆಗೆ 2020ರ ಕೊನೆಯಿಂದ ಬರುತ್ತಿರುವ ಎಂ1, ಎಂ2 ಸಾಲಿನ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ಪೇ ಇಲ್ಲ. 64 ಬಿಟ್ ಲಿನಕ್ಸ್ ಓಡುವ ಇಂಟೆಲ್ ಕಂಪ್ಯೂಟರಿನಲ್ಲೂ ಡಾಸ್ ಆಟಗಳಿಗೆ ಬೇಕಾದ, ಚಿಪ್ಪಿನ ಹಳೆಯ 8086 ಮೋಡ್ ನೇರವಾಗಿ ಕೈಗೆ ಸಿಗುವುದಿಲ್ಲ. ಹಾಗಾಗಿ ಹಳೆಯ ಕಂಪ್ಯೂಟರನ್ನು ಸಾಫ್ಟ್‌ವೇರಿನಲ್ಲೇ ಕಟ್ಟಿಕೊಡಬೇಕು. ಎಮ್ಯುಲೇಟರ್ ಮಾಡುವ ಕೆಲಸ ಅದು. ವೈನ್ ಸಾಲದೇ ಅಂತ ಕೆಲವರು ಕೇಳುತ್ತಾರೆ. ವೈನ್ ಇರುವುದು ವಿಂಡೋಸ್ ಪ್ರೋಗ್ರಾಂಗಳಿಗೆ, ಡಾಸ್ ಆಟಕ್ಕೆ ಅಲ್ಲ.

ಎಮ್ಯುಲೇಟರ್ ಬೇಕಿಲ್ಲದ ಆಟಗಳೂ ಇವೆ

ಇದನ್ನು ಮೊದಲು ಹೇಳಲು ಕಾರಣ ಇದೆ. ಎಷ್ಟೋ ಜನ ಡಾಸ್‌ಬಾಕ್ಸ್ ಸೆಟ್ಟಿಂಗ್ ಜೊತೆ ಒಂದು ಭಾನುವಾರ ಪೂರ್ತಿ ಗುದ್ದಾಡುತ್ತಾರೆ. ಆದರೆ ಅವರಿಗೆ ಬೇಕಾದ ಆಟ ಮ್ಯಾಕ್‌ಗೂ ಲಿನಕ್ಸ್‌ಗೂ ಹೊಸದಾಗಿ ಕಟ್ಟಿದ ರೂಪದಲ್ಲೇ ಸಿಗುತ್ತಿರುತ್ತದೆ.

ಪ್ರಿನ್ಸ್ ಅದಕ್ಕೆ ಒಳ್ಳೆಯ ಉದಾಹರಣೆ. ಪ್ರಿನ್ಸ್ ಆಫ್ ಪರ್ಶಿಯಾವನ್ನು ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮಾಡಿದರು. ಡಾಸ್‌ಗೆ ಅದು ಬಂದಿದ್ದು 1990ರಲ್ಲಿ. ಆ ಡಾಸ್ ಆಟವನ್ನು ಬಿಚ್ಚಿ ನೋಡಿ, ಅದರ ನಡವಳಿಕೆಯನ್ನು ಹಾಗೇ ಉಳಿಸಿಕೊಂಡು ಮತ್ತೆ ಬರೆದ ಮುಕ್ತ ಸಾಫ್ಟ್‌ವೇರ್ ಎಸ್‌ಡಿಎಲ್‌ಪಾಪ್. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ಎರಡರಲ್ಲೂ ಓಡುತ್ತದೆ. ಅದೇ 60 ನಿಮಿಷದ ಗಡುವು, ಅದೇ ಮುಳ್ಳಿನ ಗುಂಡಿ, ಅದೇ ಕತ್ತಿ ವರಸೆ. ಆಗ ಲ್ಯಾಬಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತಿದ್ದ ಗುಟ್ಟು ನೆನಪಿದೆಯಾ? ಪ್ರಿನ್ಸ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಮೆಗಾಹಿಟ್ ಅಂತ ಸೇರಿಸಿದರೆ ಶಿಫ್ಟ್ ಮತ್ತು ಎಲ್ ಒತ್ತಿ ಮುಂದಿನ ಲೆವೆಲ್‌ಗೆ ಹಾರಬಹುದಿತ್ತು. ಅದು ಇಲ್ಲೂ ನಡೆಯುತ್ತದೆ! ಮೂಲ ಆಟದಲ್ಲಿ ಇಲ್ಲದ ಒಂದು ಅನುಕೂಲ ಕೂಡ ಇದೆ. ಎಫ್6 ಒತ್ತಿದರೆ ಇದ್ದ ಜಾಗದಲ್ಲೇ ಆಟ ಉಳಿಯುತ್ತದೆ, ಎಫ್9 ಒತ್ತಿದರೆ ಅಲ್ಲಿಗೇ ವಾಪಸ್. ಎಂಟು ಹತ್ತು ವರ್ಷದ ಮಗುವಿಗೆ ಪ್ರಿನ್ಸ್ ಕಲಿಸುವುದಾದರೆ ಇದನ್ನೇ ಹಾಕಿಕೊಡಿ. ಮೂಲ ಆಟ ತುಂಬಾ ಕಠಿಣ. ಪ್ರತಿ ಸಲ ಸತ್ತು ಲೆವೆಲ್ಲಿನ ಮೊದಲಿಂದ ಶುರು ಮಾಡುವ ತಾಳ್ಮೆ ಈಗಿನ ಮಕ್ಕಳಿಂದ ಬಯಸುವುದು ಜಾಸ್ತಿಯಾಯಿತು.

ಡೂಮ್ ಆಡುವವರಿಗೂ ಇದೇ ಮಾತು. ಡೂಮ್ ಬಂದಿದ್ದು 1993ರ ಡಿಸೆಂಬರಿನಲ್ಲಿ. ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್ 1997ರಲ್ಲಿ ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದ ಹುಟ್ಟಿದ ಹತ್ತಾರು ರೂಪಗಳಲ್ಲಿ ಎರಡನ್ನು ತಿಳಿದುಕೊಂಡರೆ ಸಾಕು. ಆಗಿನಂತೆಯೇ ಕಾಣಬೇಕು, ಆಗಿನ ದೋಷಗಳೂ ಹಾಗೇ ಇರಬೇಕು ಅನ್ನುವವರಿಗೆ ಚಾಕೊಲೇಟ್ ಡೂಮ್. ಮೌಸ್‌ನಲ್ಲಿ ಮೇಲೆ ಕೆಳಗೆ ನೋಡಬೇಕು, ಚಿತ್ರ ಚೂಪಾಗಿರಬೇಕು ಅನ್ನುವವರಿಗೆ ಜಿಝಡ್‌ಡೂಮ್. ಚಾಕೊಲೇಟ್ ಡೂಮ್ ಉಬುಂಟು, ಡೆಬಿಯನ್‌ಗಳ ಸ್ವಂತ ಸಾಫ್ಟ್‌ವೇರ್ ಭಂಡಾರದಲ್ಲೇ ಇದೆ. ಆಟದ ಡೇಟಾ ಫೈಲ್ ಮಾತ್ರ ನೀವು ಕೊಡಬೇಕು. ಶೇರ್‌ವೇರ್ ಆಗಿ, ಅಂದರೆ ಉಚಿತ ಮಾದರಿಯಾಗಿ, ಹಂಚಿದ ಮೊದಲ ಭಾಗದ ಫೈಲ್ ಸುಮಾರು 4 ಎಂಬಿ ಅಷ್ಟೆ. ವುಲ್ಫೆನ್‌ಸ್ಟೈನ್ 3ಡಿಗೆ ಇಸಿವುಲ್ಫ್, ಡ್ಯೂಕ್ ನ್ಯೂಕೆಮ್ 3ಡಿಗೆ ಇಡ್ಯೂಕ್32 ಇದೆ. ಕಮಾಂಡರ್ ಕೀನ್‌ಗೆ ಕಮಾಂಡರ್ ಜೀನಿಯಸ್.

ಮೌಸ್ ಒತ್ತುತ್ತಾ ಕತೆ ಬಿಡಿಸುವ ಸಾಹಸದ ಆಟಗಳಾದರೆ, ಉದಾಹರಣೆಗೆ ಮಂಕಿ ಐಲೆಂಡ್, ಯೋಚನೆಯೇ ಬೇಡ, ಸ್ಕಮ್‌ವಿಎಂ ಹಾಕಿ. 2001ರಿಂದ ಬೆಳೆಯುತ್ತಾ ಬಂದಿರುವ ಇದು ಕಂಪ್ಯೂಟರನ್ನು ಅನುಕರಿಸುವುದಿಲ್ಲ, ಆಟದ ಎಂಜಿನ್ನನ್ನೇ ಹೊಸದಾಗಿ ಕಟ್ಟಿಕೊಡುತ್ತದೆ. ಹಾಗಾಗಿ ವೇಗ ಹೊಂದಿಸುವ ತಲೆನೋವಿಲ್ಲ. ಸೌಂಡ್ ಕಾರ್ಡ್ ಆರಿಸುವ ಗೋಜೂ ಇಲ್ಲ. ಹಣ ಕೊಡದೆ ನೋಡಬೇಕಾದರೆ ಬಿನೀತ್ ಎ ಸ್ಟೀಲ್ ಸ್ಕೈ ಅನ್ನುವ ಆಟವನ್ನು ಅದರ ಒಡೆಯರೇ 2003ರಲ್ಲಿ ಉಚಿತ ಮಾಡಿದ್ದಾರೆ. ಡೆಬಿಯನ್, ಉಬುಂಟುಗಳಲ್ಲಿ ಅದು ಪ್ಯಾಕೇಜ್ ಆಗಿಯೇ ಸಿಗುತ್ತದೆ.

ಡಾಸ್‌ಬಾಕ್ಸ್ ಕುಟುಂಬ

ನಿಮ್ಮ ಆಟ ಮೇಲಿನ ಯಾವ ಗುಂಪಿಗೂ ಸೇರದಿದ್ದರೆ ಡಾಸ್‌ಬಾಕ್ಸ್ ಬೇಕು. ಡೇಂಜರಸ್ ಡೇವ್ ಹಾಗೇ ಆಡಬೇಕು ಅನ್ನುವವರೂ ಇಲ್ಲಿಗೇ ಬರಬೇಕು. ರೇಸ್ ಆಟ, ವಿಮಾನದ ಆಟ, ಊರು ಕಟ್ಟುವ ಆಟ ಇವೆಲ್ಲ ಹೆಚ್ಚಾಗಿ ಇದೇ ಲೆಕ್ಕಕ್ಕೆ ಸೇರುತ್ತವೆ.

ಮೂಲ ಡಾಸ್‌ಬಾಕ್ಸ್ 2002ರಲ್ಲಿ ಶುರುವಾಯಿತು. ಅದರ 0.74 ಆವೃತ್ತಿ 2010ರದ್ದು, ತಿದ್ದಿದ 0.74-3 ಬಂದಿದ್ದು 2019ರಲ್ಲಿ. ಬೆಳವಣಿಗೆ ಬಹಳ ನಿಧಾನ. ಡಾಸ್ ಆಟಗಳು ಇವತ್ತಿಗೂ ಉಳಿದಿರುವುದಕ್ಕೆ ಮುಖ್ಯ ಕಾರಣ ಈ ಸಾಫ್ಟ್‌ವೇರೇ, ಅದರ ಋಣ ದೊಡ್ಡದು. ಆದರೂ ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಮೊದಲ ಆಯ್ಕೆ ಅಂತ ಹೇಳುವುದಿಲ್ಲ. ದೊಡ್ಡ ಸ್ಕ್ರೀನಿನಲ್ಲಿ ಕಿಟಕಿ ಅಂಚೆಚೀಟಿಯಷ್ಟು ಚಿಕ್ಕದಾಗಿ ತೆರೆಯುತ್ತದೆ. ಸರಿಪಡಿಸಲು ಕಾನ್ಫಿಗ್ ಫೈಲಿಗೆ ಇಳಿಯಲೇಬೇಕು. ಅದರ ದೊಡ್ಡ ಗುಣ ಒಂದೇ. ಹೆಚ್ಚಿನ ಲಿನಕ್ಸ್‌ಗಳ ಭಂಡಾರದಲ್ಲಿ ಇದು ಇರುತ್ತದೆ, ಡೌನ್‌ಲೋಡ್ ಕೆಲವೇ ಎಂಬಿ, ತೀರಾ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಮನೆಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಪುಣ್ಯ ಅನ್ನುವಲ್ಲಿ ಈ ಗುಣ ಸಣ್ಣದಲ್ಲ.

ಹೆಚ್ಚಿನವರಿಗೆ ನಾನು ಹೇಳುವುದು ಡಾಸ್‌ಬಾಕ್ಸ್ ಸ್ಟೇಜಿಂಗ್. ಮೂಲ ಡಾಸ್‌ಬಾಕ್ಸಿನಿಂದ ಕವಲೊಡೆದು, ಇವತ್ತಿನ ಯಂತ್ರಗಳಿಗೆ ತಕ್ಕಂತೆ ತಿದ್ದಿದ ಸಾಫ್ಟ್‌ವೇರ್ ಇದು. ಮ್ಯಾಕ್‌ನ ಇಂಟೆಲ್ ಮತ್ತು ಆಪಲ್ ಚಿಪ್ ಎರಡಕ್ಕೂ ಒಂದೇ ಪ್ಯಾಕೇಜ್. ಲಿನಕ್ಸ್‌ನಲ್ಲಿ ಫ್ಲಾಟ್‌ಹಬ್ ಅನ್ನುವ ಸಾಫ್ಟ್‌ವೇರ್ ತಾಣದಿಂದ, ಫ್ಲಾಟ್‌ಪ್ಯಾಕ್ ರೂಪದಲ್ಲಿ ಸಿಗುತ್ತದೆ.

ಇದನ್ನು ಮೆಚ್ಚಲು ನನಗಿರುವ ಮುಖ್ಯ ಕಾರಣ ಚಿತ್ರ. ಡಾಸ್ ಆಟಗಳ ಚಿತ್ರ ಹೆಚ್ಚಾಗಿ 320 ಗುಣಿಸು 200 ಚುಕ್ಕೆ. ಆಗಿನ ಮಾನಿಟರಿನ ಅಗಲ ಎತ್ತರದ ಲೆಕ್ಕ 4:3. ಅಂದರೆ ಒಂದೊಂದು ಚುಕ್ಕೆಯೂ ಅಗಲಕ್ಕಿಂತ 20% ಎತ್ತರವಾಗಿ ಕಾಣುತ್ತಿತ್ತು. ಇವತ್ತಿನ ಸ್ಕ್ರೀನಿನಲ್ಲಿ ಚುಕ್ಕೆಗಳು ಚೌಕ. ಸರಿಪಡಿಸದೆ ಹಾಕಿದರೆ ಪ್ರಿನ್ಸ್ ಕುಳ್ಳನಾಗುತ್ತಾನೆ, ವೃತ್ತಗಳು ಚಪ್ಪಟೆಯಾಗುತ್ತವೆ. ಸ್ಟೇಜಿಂಗ್ ಇದನ್ನು ತಾನೇ ಸರಿ ಮಾಡುತ್ತದೆ. ಅಷ್ಟೇ ಅಲ್ಲ, ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿನ ಗೆರೆ, ಹೊಳಪು ಎಲ್ಲವನ್ನೂ ತೋರಿಸುವ ಶೇಡರ್ ಅದರಲ್ಲೇ ಇದೆ. ಆಟದ ವಿಡಿಯೋ ಮೋಡ್ ನೋಡಿ ಅದೇ ಸೂಕ್ತವಾದ ಶೇಡರನ್ನು ಆರಿಸುತ್ತದೆ. ಚಿತ್ರಕಾರರು ಆ ಮಾನಿಟರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಚಿತ್ರಗಳವು. ಹಾಗೆ ನೋಡಿದಾಗ ಮಾತ್ರ ನೆರಳು, ಬಣ್ಣ ಎಲ್ಲ ಸರಿಯಾಗಿ ಕೂರುತ್ತದೆ. ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಎರಡನೆಯದು ಸಂಗೀತ. ಆಟಗಳು ಸ್ವರಗಳ ಪಟ್ಟಿಯಾಗಿ ಕೊಡುವ ಜನರಲ್ ಮಿಡಿ ಸಂಗೀತವನ್ನು ನುಡಿಸುವ ಸಿಂಥ್ ಸ್ಟೇಜಿಂಗ್‌ನ ಒಳಗೇ ಇದೆ, ವಾದ್ಯಗಳ ಸದ್ದು ಇರುವ ಒಂದು ಸೌಂಡ್‌ಫಾಂಟ್ ಫೈಲ್ ಕೊಟ್ಟರೆ ಆಯಿತು. ರೋಲ್ಯಾಂಡ್ ಎಂಟಿ-32 ಅನ್ನುವ ದುಬಾರಿ ಪೆಟ್ಟಿಗೆಗೆ ಸಂಗೀತ ಬರೆದ ಆಟಗಳೂ ಇದ್ದವು. ಆ ಪೆಟ್ಟಿಗೆಯ ರಾಮ್ (ROM) ಫೈಲ್ ಇದ್ದರೆ ಅದೂ ಕೇಳಿಸುತ್ತದೆ. ನಮ್ಮ ಲ್ಯಾಬುಗಳಲ್ಲಿ ಪಿಸಿ ಸ್ಪೀಕರಿನ ಕೀರಲು ಸದ್ದಿನಲ್ಲಿ ಕೇಳಿದ ಆಟಗಳಿಗೆ ನಿಜವಾದ ಸಂಗೀತ ಇತ್ತು ಅಂತ ಎಷ್ಟೋ ಜನಕ್ಕೆ ಗೊತ್ತಾಗುವುದೇ ಈಗ. ಆಟದ ಫೋಲ್ಡರಿನಲ್ಲಿ ಸೆಟಪ್ ಅನ್ನುವ ಪ್ರೋಗ್ರಾಂ ಇದೆಯಾ ನೋಡಿ. ಅದು ಕೇಳಿದಾಗ ಸೌಂಡ್ ಬ್ಲಾಸ್ಟರ್, ಪೋರ್ಟ್ 220, ಐಆರ್‌ಕ್ಯು 7, ಡಿಎಂಎ 1 ಅಂತ ಕೊಡಿ. ಡಾಸ್‌ಬಾಕ್ಸ್ ಕುಟುಂಬದಲ್ಲಿ ಸಾಮಾನ್ಯವಾಗಿ ಇವೇ ಸಂಖ್ಯೆಗಳು. ಸದ್ದೇ ಬರುತ್ತಿಲ್ಲ ಅನ್ನುವ ದೂರು ಬಹುಪಾಲು ಇಲ್ಲಿಗೇ ಮುಗಿಯುತ್ತದೆ.

ಸ್ಟೇಜಿಂಗ್‌ನಲ್ಲಿ ಇಲ್ಲದಿರುವುದು ಎಲ್ಲೆಂದರಲ್ಲಿ ಆಟ ಉಳಿಸುವ ಸೌಲಭ್ಯ. ಆಟದೊಳಗೆ ಸೇವ್ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಅದು ಬೇಕಾದವರು ಡಾಸ್‌ಬಾಕ್ಸ್ ಎಕ್ಸ್ ಕಡೆ ನೋಡಬೇಕು. ಇದರಲ್ಲಿ ಮೆನು ಇದೆ, ಸೆಟ್ಟಿಂಗ್‌ಗಳನ್ನು ಮೌಸ್‌ನಲ್ಲೇ ಬದಲಿಸಬಹುದು, ವಿಂಡೋಸ್ 95 ಮತ್ತು 98 ಕೂಡ ಇದರೊಳಗೆ ಹಾಕಬಹುದು. ಟರ್ಮಿನಲ್ ಕಂಡರೆ ಹೆದರುವವರಿಗೆ ಮೆನು ಆಸರೆ ಅನ್ನಿಸಬಹುದು. ಆದರೆ ಆಯ್ಕೆಗಳು ಎಷ್ಟು ಜಾಸ್ತಿ ಅಂದರೆ ಹೊಸಬರು ಅದರಲ್ಲೇ ಕಳೆದುಹೋಗುತ್ತಾರೆ. ವಿಂಡೋಸ್ 95 ಕಾಲದ ಆಟ ಇದ್ದರೆ ಎಕ್ಸ್, ಬರೀ ಡಾಸ್ ಆಟಕ್ಕಾದರೆ ಸ್ಟೇಜಿಂಗ್. ನಾನು ಗೆರೆ ಎಳೆಯುವುದು ಅಲ್ಲಿ.

ಡಾಸ್‌ಬಾಕ್ಸ್ ಪ್ಯೂರ್ ಬೇರೆಯೇ ದಾರಿ. ಅದು ರೆಟ್ರೋಆರ್ಚ್ ಅನ್ನುವ ಸಾಫ್ಟ್‌ವೇರಿನ ಒಳಗೆ ಓಡುತ್ತದೆ. ಆಟದ ಜಿಪ್ ಫೈಲನ್ನು ಬಿಚ್ಚದೆ ಹಾಗೇ ಕೊಟ್ಟರೆ ಸಾಕು, ಒಳಗಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸಿ ಯಾವುದನ್ನು ಓಡಿಸಲಿ ಅಂತ ಅದೇ ಕೇಳುತ್ತದೆ. ಉಳಿಸಿದ ಫೈಲುಗಳು ಬೇರೆ ಕಡೆ ಹೋಗುತ್ತವೆ, ಮೂಲ ಜಿಪ್ ಕೆಡುವುದಿಲ್ಲ. ಗೇಮ್‌ಪ್ಯಾಡ್ ಬಟನ್‌ಗಳೂ ಬಹಳಷ್ಟು ಆಟಗಳಿಗೆ ತಾವೇ ಹೊಂದಿಕೊಳ್ಳುತ್ತವೆ. ಟಿವಿಗೆ ಕಂಪ್ಯೂಟರ್ ಸಿಕ್ಕಿಸಿ ಸೋಫಾದಲ್ಲಿ ಕೂತು ಆಡುವ ಮನೆಗೆ ಇದೇ ಸರಿ. ಕೀಬೋರ್ಡಿನ ಮುಂದೆ ಕೂತು ಆಡುವವರಿಗೆ ರೆಟ್ರೋಆರ್ಚಿನ ಮೆನುಗಳು ಸುಮ್ನೆ ಅಡ್ಡ ಬರುತ್ತವೆ.

ಮ್ಯಾಕ್‌ನವರು ಬಾಕ್ಸರ್ ಹೆಸರು ಕೇಳಿರುತ್ತೀರಿ. ಬಲು ಚೆಂದದ ಸಾಫ್ಟ್‌ವೇರ್, ಆಟದ ಫೋಲ್ಡರನ್ನು ಎಳೆದು ಹಾಕಿದರೆ ಪೆಟ್ಟಿಗೆಯ ಚಿತ್ರದ ಸಮೇತ ಜೋಡಿಸಿ ಕೊಡುತ್ತಿತ್ತು. ಆದರೆ ಅದರ ಮೂಲ ಆವೃತ್ತಿ 32 ಬಿಟ್. 2019ರ ಮ್ಯಾಕ್‌ಓಎಸ್ ಕ್ಯಾಟಲೀನಾ ಆವೃತ್ತಿಯಲ್ಲಿ ಆಪಲ್ 32 ಬಿಟ್ ಪ್ರೋಗ್ರಾಂಗಳನ್ನು ನಿಲ್ಲಿಸಿದ ಮೇಲೆ ಅದು ತೆರೆಯುವುದಿಲ್ಲ. ಹಳೆಯ ಲೇಖನ ನೋಡಿ ಅದನ್ನೇ ಇಳಿಸಿಕೊಳ್ಳಬೇಡಿ.

ಉಳಿದವು ಆಟಕ್ಕಿಂತ ಬೇರೆ ಕೆಲಸಕ್ಕೆ ಚೆನ್ನ. ಡಾಸ್‌ಎಮ್ಯು 2 ಲಿನಕ್ಸ್‌ಗೆ ಮಾತ್ರ, ಹಳೆಯ ಕಚೇರಿ ಪ್ರೋಗ್ರಾಂಗಳನ್ನು ಇನ್ನೂ ಓಡಿಸುವವರಿಗೆ ಉಪಯೋಗ. ಫ್ರೀಡಾಸ್ ನಿಜವಾದ ಆಪರೇಟಿಂಗ್ ಸಿಸ್ಟಂ, 1994ರಿಂದ ಇದೆ. ಆದರೆ ಅದನ್ನು ವರ್ಚುವಲ್ ಮಷೀನಿನಲ್ಲಿ ಹಾಕಿ ಆಟ ಆಡಲು ಹೋದರೆ ವೇಗ ಮತ್ತು ಸದ್ದು ಎರಡೂ ಕಾಡುತ್ತವೆ. 86ಬಾಕ್ಸ್ ಒಂದು ನಿರ್ದಿಷ್ಟ ಮದರ್‌ಬೋರ್ಡ್, ಒಂದು ನಿರ್ದಿಷ್ಟ ಗ್ರಾಫಿಕ್ಸ್ ಕಾರ್ಡ್ ಅಂತ ಇಡೀ ಪಿಸಿಯನ್ನೇ ಕಟ್ಟುತ್ತದೆ. ಅದಕ್ಕೆ ಡಾಸನ್ನು ನೀವೇ ಇನ್ಸ್ಟಾಲ್ ಮಾಡಬೇಕು, ಗಟ್ಟಿ ಪ್ರೊಸೆಸರ್ ಬೇಕು. ಹಳೆಯ ಹಾರ್ಡ್‌ವೇರಿನ ಮೇಲೆಯೇ ಪ್ರೀತಿ ಇರುವವರಿಗೆ ಅದು.

ವೇಗ, ಬ್ಯಾಟರಿ, ಮಳೆಗಾಲ

ಡಾಸ್‌ಬಾಕ್ಸಿನಲ್ಲಿ ವೇಗವನ್ನು ಸೈಕಲ್ಸ್ ಅನ್ನುವ ಸಂಖ್ಯೆಯಲ್ಲಿ ಹೇಳುತ್ತಾರೆ. ಮೂಲ ಡಾಸ್‌ಬಾಕ್ಸ್ 8086 ರೀತಿಯಲ್ಲಿ ಓಡುವ ಹಳೆಯ ರಿಯಲ್ ಮೋಡ್ ಆಟಗಳಿಗೆ 3000 ಕೊಡುತ್ತದೆ. ನಂತರದ ಚಿಪ್ಪುಗಳಿಗೆ ಬರೆದ ಪ್ರೊಟೆಕ್ಟೆಡ್ ಮೋಡಿನ ದೊಡ್ಡ ಆಟ ಬಂದರೆ ಕಂಪ್ಯೂಟರಿನ ಪೂರ್ತಿ ಶಕ್ತಿ ಬಳಸುತ್ತದೆ. ಎರಡನೆಯದೇ ತೊಂದರೆ. ಪ್ರೊಸೆಸರಿನ ಒಂದು ಕೋರ್ ಸತತವಾಗಿ 100% ದುಡಿಯುತ್ತದೆ, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಜೂನ್, ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಮಲೆನಾಡಿನಲ್ಲಿ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಆ ಹೊತ್ತಿನಲ್ಲೇ ಅಲ್ವಾ ಇಂಟರ್ನೆಟ್ ಬೇಡದ ಆಟ ನೆನಪಾಗುವುದು?

ಹಾಗಾಗಿ ಸಂಖ್ಯೆಯನ್ನು ನೀವೇ ನಿಗದಿ ಮಾಡಿ. ಆಗಿನ ಪ್ರೊಸೆಸರ್‌ಗಳ ಲೆಕ್ಕದಲ್ಲಿ 33 ಮೆಗಾಹರ್ಟ್ಸ್‌ನ 386 ಅಂದರೆ ಸುಮಾರು 6000, 66 ಮೆಗಾಹರ್ಟ್ಸ್‌ನ 486 ಅಂದರೆ ಸುಮಾರು 25000. ಆಟ ಯಾವ ಕಾಲದ್ದೋ ಆ ಕಾಲದ ಯಂತ್ರದ ಸಂಖ್ಯೆ ಕೊಡಿ. ಆಡುತ್ತಿರುವಾಗಲೇ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಬ್ಯಾಟರಿ ಉಳಿಯುವುದಷ್ಟೇ ಅಲ್ಲ, ಆಟವೂ ಸರಿಯಾದ ವೇಗದಲ್ಲಿ ನಡೆಯುತ್ತದೆ. ಪ್ರೊಸೆಸರ್ ವೇಗವನ್ನೇ ನಂಬಿ ಬರೆದ ಹಳೆಯ ಆಟಗಳು ಸಂಖ್ಯೆ ಜಾಸ್ತಿಯಾದರೆ ಆಡಲಾರದಷ್ಟು ಓಡುತ್ತವೆ.

ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನವರಿಗೆ ಇನ್ನೊಂದು ಮಾತು. ಸ್ಟೇಜಿಂಗ್‌ನ ಶೇಡರ್‌ಗೆ ಗ್ರಾಫಿಕ್ಸ್ ಚಿಪ್ ಸ್ವಲ್ಪವಾದರೂ ಗಟ್ಟಿ ಇರಬೇಕು. ಚಿತ್ರ ತಡವರಿಸಿದರೆ ಔಟ್‌ಪುಟ್ ಸೆಟ್ಟಿಂಗನ್ನು ಟೆಕ್ಸ್ಚರ್ ಅಂತ ಬದಲಿಸಿ. ಫ್ಲಾಟ್‌ಪ್ಯಾಕ್ ಮೊದಲ ಸಲ ಹಾಕುವಾಗ ಜೊತೆಯ ಫೈಲುಗಳೇ ನೂರಾರು ಎಂಬಿ ಆಗುತ್ತವೆ. ಪೇಟೆಗೆ ಹೋದಾಗ ಹಾಕಿಸಿಕೊಳ್ಳಿ, ಅಥವಾ ಸ್ಟೇಜಿಂಗ್‌ನವರೇ ಕೊಡುವ ಬಿಡಿ ಫೈಲನ್ನು ಪೆನ್‌ಡ್ರೈವಿನಲ್ಲಿ ತನ್ನಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆಡುವುದಾದರೆ, ಆಗಾಗ ಉಳಿಸಿಕೊಳ್ಳಲು ಅನುಕೂಲ ಇರುವ ಎಕ್ಸ್ ಅಥವಾ ಪ್ಯೂರ್ ಕಡೆಗೆ ನನ್ನ ಒಲವು.

ಮ್ಯಾಕ್‌ನಲ್ಲಿ ಎಡವುವ ಜಾಗಗಳು

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳು ಫೋನ್ ಮಾಡಿ, "ಮಾಮ, ಡೇವ್ ಗುಂಡು ಹೊಡೆದರೆ ಸ್ಕ್ರೀನೇ ಬೇರೆ ಕಡೆ ಹೋಗುತ್ತೆ" ಅಂದಳು. ಮ್ಯಾಕ್‌ನವರಿಗೆ ಇದು ತುಂಬಾ ಸಾಮಾನ್ಯ. ಡಾಸ್ ಕಾಲದ ಎಷ್ಟೋ ಆಟದಲ್ಲಿ ಗುಂಡು ಹೊಡೆಯುವುದು ಕಂಟ್ರೋಲ್ ಕೀಯಲ್ಲಿ, ಓಡುವುದು ಬಾಣದ ಕೀಯಲ್ಲಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮ್ಯಾಕ್ ಅದನ್ನು ಡೆಸ್ಕ್‌ಟಾಪ್ ಬದಲಿಸು ಅನ್ನುವ ಆದೇಶ ಅಂದುಕೊಳ್ಳುತ್ತದೆ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್, ಅದರಲ್ಲಿ ಮಿಷನ್ ಕಂಟ್ರೋಲ್ ತೆರೆದು ಆ ಗುರುತುಗಳನ್ನು ತೆಗೆಯಿರಿ. ಎಫ್ ಸಾಲಿನ ಕೀಗಳಿಗೆ ಎಫ್‌ಎನ್ ಕೂಡ ಒತ್ತಬೇಕಾಗುತ್ತದೆ.

ಹೊಸದಾಗಿ ಇಳಿಸಿದ ಎಮ್ಯುಲೇಟರನ್ನು ಮ್ಯಾಕ್ ತೆರೆಯಲು ಒಪ್ಪದೆ ಇರಬಹುದು. ಮೊದಲು ಬಲಗಡೆಯ ಕ್ಲಿಕ್ ಮಾಡಿ ಓಪನ್ ಅಂದರೆ ನಡೆಯುತ್ತಿತ್ತು. ಮ್ಯಾಕ್‌ಓಎಸ್ ಸೆಕ್ವೊಯಾ ಆವೃತ್ತಿಯಿಂದ ಆ ದಾರಿ ಇಲ್ಲ. ಒಮ್ಮೆ ತೆರೆಯಲು ನೋಡಿ, ಆಮೇಲೆ ಸಿಸ್ಟಂ ಸೆಟ್ಟಿಂಗ್ಸ್‌ನ ಪ್ರೈವಸಿ ಮತ್ತು ಸೆಕ್ಯೂರಿಟಿ ಪುಟದ ಕೆಳಗೆ ಓಪನ್ ಎನಿವೇ ಒತ್ತಿ. ತಯಾರಕರ ಸ್ವಂತ ಜಾಲತಾಣದಿಂದ ಇಳಿಸಿದ್ದಾದರೆ ಮಾತ್ರ ಹೀಗೆ ಮಾಡಿ.

ಮ್ಯಾಕ್ ಇರಲಿ, ಲಿನಕ್ಸ್ ಇರಲಿ, ಆಟಗಳಿಗೆ ಬೇರೆ ಫೋಲ್ಡರ್ ಮಾಡಿ ಅದನ್ನು ಮಾತ್ರ ಡಾಸ್‌ಬಾಕ್ಸಿಗೆ ಸಿ ಡ್ರೈವ್ ಆಗಿ ತೋರಿಸಿ, ಅಂದರೆ ಮೌಂಟ್ ಮಾಡಿ. ಇಡೀ ಹೋಮ್ ಫೋಲ್ಡರನ್ನು ಕೊಟ್ಟರೆ ಡಾಸ್ ಪ್ರೋಗ್ರಾಂ ನಿಮ್ಮ ಫೈಲುಗಳನ್ನೂ ಅಳಿಸಬಲ್ಲದು. ಫೋಲ್ಡರಿನ ಹೆಸರು 8 ಅಕ್ಷರದೊಳಗೆ ಇರಲಿ, ಜಾಗ ಬಿಡಬೇಡಿ.

ಆಟಗಳು ಎಲ್ಲಿಂದ?

ಮಾರಾಟದಲ್ಲಿ ಇಲ್ಲದ ಆಟ ಉಚಿತ ಅಂತ ಬಹಳ ಜನ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಭಾರತದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ, ಹಕ್ಕು ದಶಕಗಟ್ಟಲೆ ಉಳಿಯುತ್ತದೆ. ಶೇರ್‌ವೇರ್ ಭಾಗಗಳು, ಒಡೆಯರೇ ಉಚಿತ ಮಾಡಿದ ಆಟಗಳು ಇದ್ದೇ ಇವೆ. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಅರೀನಾ ಮತ್ತು ಡ್ಯಾಗರ್‌ಫಾಲ್ ಹಾಗೆ ಸಿಗುವ ದೊಡ್ಡ ಆಟಗಳು. ಉಳಿದದ್ದಕ್ಕೆ ಜಿಒಜಿ ಅನ್ನುವ ಆನ್‌ಲೈನ್ ಆಟದ ಅಂಗಡಿ ನೋಡಿ. ಅಲ್ಲಿ ಎಷ್ಟೋ ಡಾಸ್ ಆಟಗಳಿಗೆ ವಿಂಡೋಸ್ ಇನ್ಸ್ಟಾಲರ್ ಮಾತ್ರ ಇರುತ್ತದೆ. ಅದಕ್ಕೆ ಹಿಂಜರಿಯಬೇಡಿ. ಇನ್ನೊಎಕ್ಸ್‌ಟ್ರಾಕ್ಟ್ ಅನ್ನುವ ಸಣ್ಣ ಸಾಧನ ಮ್ಯಾಕ್‌ಗೆ ಸಾಫ್ಟ್‌ವೇರ್ ಇಳಿಸಿಕೊಡುವ ಹೋಮ್‌ಬ್ರೂನಲ್ಲೂ ಲಿನಕ್ಸ್ ಭಂಡಾರಗಳಲ್ಲೂ ಇದೆ. ಇನ್ಸ್ಟಾಲರನ್ನು ಬಿಚ್ಚಿ ಡಾಸ್ ಫೈಲುಗಳನ್ನು ಹೊರಗೆ ತೆಗೆದುಕೊಡುತ್ತದೆ. ಅವನ್ನು ನಿಮ್ಮ ಸ್ಟೇಜಿಂಗ್‌ಗೆ ಕೊಟ್ಟರೆ ಆಯಿತು.

ಅಟ್ಟದಲ್ಲಿ ಹಳೆಯ ಫ್ಲಾಪಿ, ಸಿಡಿ ಇದ್ದರೆ ಈ ಬೇಸಿಗೆಯಲ್ಲೇ ಕೆಳಗಿಳಿಸಿ. ನಮ್ಮ ಕಡೆಯ ತೇವಕ್ಕೆ ಫ್ಲಾಪಿಯೊಳಗಿನ ತೆಳು ಹಾಳೆಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಫ್ಲಾಪಿಯನ್ನು ಡ್ರೈವಿಗೆ ಹಾಕಬೇಡಿ, ಡ್ರೈವಿನ ಹೆಡ್ ಕೊಳೆಯಾಗಿ ಮುಂದಿನ ಒಳ್ಳೆಯ ಫ್ಲಾಪಿಯೂ ಹಾಳಾದೀತು. ಚೆನ್ನಾಗಿರುವುದನ್ನು ಯುಎಸ್‌ಬಿ ಫ್ಲಾಪಿ ಡ್ರೈವಿನಲ್ಲಿ ಹಾಕಿ, ಲಿನಕ್ಸ್‌ನ ಡಿಡಿ ಆದೇಶದಿಂದ ಇಡೀ ಫ್ಲಾಪಿಯ ಇಮೇಜ್ ತೆಗೆದಿಡಿ. ಸಿಡಿಯಾದರೆ ಬರೀ ಐಎಸ್ಒ ರೂಪದ ಇಮೇಜ್ ಸಾಲುವುದಿಲ್ಲ. ಆ ಕಾಲದ ಎಷ್ಟೋ ಆಟಗಳ ಸಂಗೀತ ಸಿಡಿಯಲ್ಲಿ ಆಡಿಯೋ ಟ್ರ್ಯಾಕ್ ಆಗಿರುತ್ತಿತ್ತು, ಐಎಸ್ಒ ಮಾಡಿದರೆ ಅದು ಬಿಟ್ಟುಹೋಗುತ್ತದೆ. ಕ್ಯೂ ಮತ್ತು ಬಿನ್ ಅನ್ನುವ ಜೋಡಿ ಫೈಲುಗಳಾಗಿ ತೆಗೆಯಿರಿ. ಡಾಸ್‌ಬಾಕ್ಸಿನ ಇಮ್‌ಜಿಮೌಂಟ್ ಆದೇಶಕ್ಕೆ ಕ್ಯೂ ಫೈಲಿನ ಹೆಸರು ಕೊಟ್ಟರೆ ಆಟಕ್ಕೆ ಅದು ಡಿ ಡ್ರೈವಿನ ಸಿಡಿಯಾಗಿ ಕಾಣುತ್ತದೆ, ಸಂಗೀತವೂ ಕೇಳಿಸುತ್ತದೆ.